ಹಿತ್ತಲ ಕೋಳಿಯ ಎಚ್ಚರಿಕೆಯ ಕೂಗು

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಮನೆಗಳು ಒತ್ತಾಗಿರದೆ, ಒಂದೊಂದೂ ತನ್ನ ತೋಟಗದ್ದೆಗಳ ನಡುವೆ ಪ್ರತ್ಯೇಕವಾಗಿ ನಿಂತಿರುವುದು ಸಾಮಾನ್ಯ. ಹಿತ್ತಲ ಬೇಲಿಯನ್ನು ದಾಟಿದರೆ ಹಕ್ಕಲು, ಅದರಾಚೆಗೆ ಕಾಡು. ಆದುದರಿಂದ ಇಲ್ಲಿನ ಕೋಳಿಗಳಿಗೆ ಶತ್ರುಗಳು ಬಹಳ. ಆಕಾಶದಿಂದ ಗಿಡುಗ, ನೆಲದ ಮೇಲೆ ಮುಂಗುಸಿ, ನರಿ, ಉಡ, ಇರುಳಿನಲ್ಲಿ ಕಾಡುಬೆಕ್ಕು, ಪುನುಗುಬೆಕ್ಕು, ಹೆಬ್ಬಾವು. ಒಂದು ಹೇಂಟೆ ಹೋದರೆ ಮನೆಯ ಹೆಂಗಸರ ಕೈಖರ್ಚಿಗೆ ಒದಗುವ ಮೊಟ್ಟೆಯ ಹಣವೂ, ಮುಂದೆ ಆಗಬೇಕಾಗಿದ್ದ ಮರಿಗಳೂ ಅದರೊಡನೆಯೇ ಹೋದಂತೆ. ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಏಕೆಂದರೆ ಕೋಳಿಯು ಶತ್ರುವನ್ನು ಕಂಡೊಡನೆ ಅದು ಯಾವ ಬಗೆಯದೆಂಬುದನ್ನು ಕೂಗಿ ತಿಳಿಸುತ್ತದೆ. ಆ ಕೂಗನ್ನು ಅರಿತು ನಡೆಯುವುದು ಯಜಮಾನನ ಕೆಲಸ.

ಎರಡು ಬಗೆಯ ಕೂಗು:— ಗಿಡುಗವು ಮೇಲೆ ಹಾಯ್ದಾಗ ಹುಂಜವು ಸಣ್ಣ ಧ್ವನಿಯಿಂದ ಎಳೆದು ಕಿರಿಚುತ್ತದೆ. ಈ ಧ್ವನಿಯು ಎಲ್ಲಿಂದ ಹೊರಟಿತೆಂದು ಗೊತ್ತುಮಾಡುವುದು ಕಷ್ಟ. ಹೀಗಾಗಿ ಕೂಗಿದ ಹುಂಜಕ್ಕೂ ಅಪಾಯ ಕಡಿಮೆ. ನಾಯಿ, ನರಿ ಮುಂತಾದುವು ನೆಲದ ಮೇಲೆ ಬಂದಾಗಲಾದರೋ ಅದು ಕೊಕ್ ಕೊಕ್ ಎಂದು ಬಿಡಿಬಿಡಿಯಾಗಿ, ಬಹಳ ಹೊತ್ತು ಗದ್ದಲವೆಬ್ಬಿಸುತ್ತದೆ.

ಇದು ಬರಿಯ ಅಂಜಿಕೆಯ ಕೂಗಲ್ಲವೆಂಬುದನ್ನು ಕ್ರಿಸ್ಟೋಫರ್ ಇವಾನ್ಸ್, ಪೀಟರ್ ಮಾರ್ಲರ್ ಮೊದಲಾದ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದ ಪರೀಕ್ಷೆಗಳು ಸಿದ್ಧಪಡಿಸಿವೆ. ಶತ್ರುವನ್ನು ತೋರಿಸದೆ, ಯಂತ್ರದಲ್ಲಿ ಮುದ್ರಿಸಿಟ್ಟ ಕೂಗನ್ನು ಮಾತ್ರ ಹೇಂಟೆಗಳಿಗೆ ಕೇಳಿಸಲಾಯಿತು. ಗಿಡುಗದ ಕೂಗನ್ನು ಕೇಳಿದಾಗ ಅವು ಮರೆಗೆ ಓಡಿ, ಮೈಯನ್ನು ಕುಗ್ಗಿಸಿ, ಮೇಲಕ್ಕೆ ನೋಡಿದುವು. ನೆಲದ ಶತ್ರುವಿನ ಕೂಗನ್ನು ಕೇಳಿದಾಗ ಕತ್ತನ್ನು ನೆಟ್ಟಗೆ ನಿಗುರಿಸಿ ಸುತ್ತಲೂ ದಿಟ್ಟಿಸಿದುವು. ಹುಂಜವು ಒಂಟಿಯಾಗಿರುವಾಗ ಕೂಗುವುದಕ್ಕಿಂತ ಜೊತೆಯಲ್ಲಿ ಹೇಂಟೆಯಿರುವಾಗ ಹೆಚ್ಚಾಗಿ ಕೂಗುತ್ತದೆಂಬುದೂ ಇಂಥ ಪರೀಕ್ಷೆಗಳಿಂದಲೇ ತಿಳಿದುಬಂದಿದೆ. ಆದುದರಿಂದ ಮಂದೆಯ ಹುಂಜಗಳನ್ನೆಲ್ಲಾ ಮಾರಿಬಿಡದೆ, ಒಂದನ್ನಾದರೂ ಕಾವಲಿಗೆಂದು ಉಳಿಸಿಕೊಳ್ಳುವುದು ಮೇಲು.

ಹಗಲಿನ ರಕ್ಷಣೆ:— ಅಂಗಳವು ಪೂರಾ ಬಯಲಾಗಿದ್ದರೆ ಗಿಡುಗದ ಕೂಗನ್ನು ಕೇಳಿದ ಕೋಳಿಗೆ ಓಡಲು ಸ್ಥಳವಿರುವುದಿಲ್ಲ. ಅಲ್ಲಲ್ಲಿ ಪೊದೆಗಳನ್ನು ಉಳಿಸಬೇಕು. ಇಲ್ಲವೆ ಅಡಿಕೆಯ ಸೋಗೆ ಹೊದಿಸಿದ ತಗ್ಗು ಚಪ್ಪರಗಳನ್ನು ಹಾಕಬೇಕು. ಬಿಡಿಬಿಡಿಯಾದ ಗದ್ದಲವು ಕೇಳಿಬಂದರೆ ಚಪ್ಪರದಿಂದ ಪ್ರಯೋಜನವಿಲ್ಲ. ಮನೆಯವರು ಯಾರಾದರೂ ಕೂಡಲೆ ಹೊರಗೆ ಬರಬೇಕು.

ಮರಿಗಳು:— ಗಿರಿರಾಜ ಮೊದಲಾದ ಸುಧಾರಿಸಿದ ತಳಿಗಳ ಮರಿಗಳು ಯಂತ್ರದ ಕಾವಿನಲ್ಲಿ ಒಡೆದು ಬರತಕ್ಕವು. ಅವುಗಳನ್ನು ಎಚ್ಚರಿಸಿ ರೆಕ್ಕೆಯಡಿಗೆ ಕರೆದುಕೊಳ್ಳುವ ತಾಯಿಯಿಲ್ಲ. ಒಂದು ದಿನದ ಮರಿಗಳಾದರೆ, ಮನೆಯಲ್ಲಿ ಕಾವಿಗೆ ಕುಳಿತ ನಾಟಿ ಹೇಂಟೆಯ ಕೆಳಗೆ ರಾತ್ರಿಯ ಹೊತ್ತು ಇರಿಸಿದರೆ ಅದು ಸಾಮಾನ್ಯವಾಗಿ ತನ್ನವೆಂದೇ ಸಾಕುತ್ತದೆ. ಇದು ಸಾಧ್ಯವಾಗದಿದ್ದಲ್ಲಿ, ಮರಿಗಳು ಬಲಿಯುವವರೆಗೆ ಅವನ್ನು ಬಲೆಯೊಳಗೆ ಸಾಕಬೇಕು.

ರಾತ್ರಿಯ ರಕ್ಷಣೆ:— ಕೋಳಿಗೆ ಕತ್ತಲಲ್ಲಿ ಕಣ್ಣು ಬಲು ಮಂದ. ಹಗಲೆಲ್ಲಾ ಕಾವಲುಗಾರನಾಗಿದ್ದ ಹುಂಜವು ಇರುಳಿನಲ್ಲಿ ನಿಸ್ಸಹಾಯಕ. ಆದುದರಿಂದ ಕತ್ತಲಾಗುವ ಮುನ್ನವೇ ಕೋಳಿಗಳನ್ನು ಎಣಿಸಿ ಒಡ್ಡಿಗೆ ಸೇರಿಸಿ ಬಾಗಿಲಿಗೆ ಅಗಳಿ ಹಾಕತಕ್ಕದ್ದು. ಒಡ್ಡಿಯು ನೆಲದಿಂದ ಎತ್ತರವಾಗಿರಲಿ. ಅಡಿಕೆ ದಬ್ಬೆಗಳ ನಡುವಣ ಸಂದುಗಳಿಗೆ ಒಳಗಡೆಯಿಂದ ಅರ್ಧ ಅಂಗುಲದ ಕಣ್ಣಿನ ಗಟ್ಟಿ ತಂತಿಬಲೆಯನ್ನು ಹೊಡೆದರೆ ಹಾವುಗಳಿಗೂ ದಾರಿ ತಪ್ಪುತ್ತದೆ.

ಮಾಡಬಾರದ ಕೆಲಸ:— ಕೋಳಿ ಹೋಯಿತೆಂಬ ಕೋಪದಿಂದ ವಿಷವಿಡುವುದೂ ಉರುಳು ಒಡ್ಡುವುದೂ ಕೂಡದು. ಮುಂಗುಸಿ, ಕಾಡುಬೆಕ್ಕು, ಉಡ, ಗಿಡುಗ ಇವುಗಳನ್ನು ಕೊಲ್ಲುವುದು 1972ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅದಲ್ಲದೆ, ಮುಂಗುಸಿ ಮತ್ತು ಕಾಡುಬೆಕ್ಕುಗಳು ಗದ್ದೆಯ ಇಲಿಗಳನ್ನು ತಿಂದು ಬೆಳೆಗೆ ಉಪಕಾರವನ್ನೂ ಮಾಡುತ್ತವೆ. ವಿಷಕ್ಕೆ ಮನೆಯ ನಾಯಿಯೇ ಮೊದಲು ಬಲಿಯಾಗಬಹುದು.

ಗ್ರಾಮದ ಮುಖಂಡರೂ ಜಮೀನಿನ ಯಜಮಾನರೂ ತಮ್ಮ ಮನೆಯ ಒಡ್ಡಿಯನ್ನು ಮಾತ್ರವಲ್ಲದೆ, ತೋಟದ ಆಳುಗಳ ಮನೆಗಳ ಒಡ್ಡಿಗಳನ್ನೂ ಮಳೆಗಾಲಕ್ಕೆ ಮುಂಚೆ ನೋಡಿ ಭದ್ರಪಡಿಸಿಕೊಡುವುದು ಉಚಿತ. ಎರಡು ಕೋಳಿ ಸಾಕಿದವನಿಗೆ ಒಂದು ಹೋದರೆ ಅರ್ಧ ಆಸ್ತಿಯೇ ಹೋದಂತೆ.