ಶಾಲೆಯ ಅಂಗಳದಿಂದ ಹೊರದೇಶದ ಪಂದ್ಯಕ್ಕೆ



ತೋರಣಗಲ್ಲು ಗೊತ್ತಲ್ಲ? ಸಂಡೂರು ತಾಲ್ಲೂಕಿನ ಊರು. ಉಕ್ಕಿನ ಕಾರ್ಖಾನೆ ಇರುವ ಊರು. ಕಾರ್ಖಾನೆಯ ಬಡಾವಣೆಯಲ್ಲಿ 2018ರಲ್ಲಿ ಒಂದು ಕ್ರೀಡಾ ಸಂಸ್ಥೆ ಶುರುವಾಯಿತು. ದೂರದ ಮಣಿಪುರದ ಹುಡುಗಿ ಲಿಂಥೋಯ್ ಚನಂಬಮ್ ಇಲ್ಲಿಗೆ ಬಂದು ಜೂಡೋ ತರಬೇತಿ ಪಡೆದಳು. ಜೂಡೋ ಅಂದರೆ ಜಪಾನ್ ದೇಶದ ಕುಸ್ತಿ. ಎದುರಾಳಿಯ ಅಂಗಿ ಹಿಡಿದು ಬೆನ್ನು ನೆಲಕ್ಕೆ ತಾಗುವಂತೆ ಬೀಳಿಸಬೇಕು.

2022ರ ಆಗಸ್ಟ್‌ನಲ್ಲಿ ಬೋಸ್ನಿಯಾ ದೇಶದಲ್ಲಿ ಕಿರಿಯರ ವಿಶ್ವ ಪಂದ್ಯ ನಡೆಯಿತು. 57 ಕೆ.ಜಿ. ತೂಕದವರ ಪಂದ್ಯದಲ್ಲಿ ಲಿಂಥೋಯ್ ಚಿನ್ನ ಗೆದ್ದಳು. ಜೂಡೋ ವಿಶ್ವ ಪಂದ್ಯದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು.

ಇಂಥ ಪಂದ್ಯಕ್ಕೆ ಹೋಗೋದು ಹೇಗೆ? ದುಡ್ಡು ಕಟ್ಟಿ ಹೋಗೋ ಹಾಗಿಲ್ಲ. ದೇಶವೇ ಆರಿಸಿ ಕಳಿಸಬೇಕು. ಮೊದಲು ರಾಜ್ಯದಲ್ಲಿ ಗೆಲ್ಲಬೇಕು. ಆಮೇಲೆ ರಾಷ್ಟ್ರದ ಪಂದ್ಯ. ಅಲ್ಲಿ ಚೆನ್ನಾಗಿ ಆಡಿದವರನ್ನು ಮತ್ತೆ ಪರೀಕ್ಷೆ ಮಾಡಿ ದೇಶದ ತಂಡಕ್ಕೆ ಆರಿಸುತ್ತಾರೆ.

ನಮ್ಮ ಮಕ್ಕಳಿಗೆ ಮೊದಲ ಮೆಟ್ಟಿಲು ಶಾಲೆಯ ಆಟ. ಕೊಕ್ಕೊ ತಂಡ ತಾಲ್ಲೂಕಿನಲ್ಲಿ ಗೆದ್ದರೆ ಜಿಲ್ಲೆಗೆ ಹೋಗುತ್ತದೆ. ಹೊಸಪೇಟೆ, ಹಂಪಿಯ ಮಕ್ಕಳಿಗೆ ವಿಜಯನಗರ ಜಿಲ್ಲೆ. ಸಂಡೂರು, ಕಂಪ್ಲಿಯವರಿಗೆ ಬಳ್ಳಾರಿ ಜಿಲ್ಲೆ. 2021ರಲ್ಲಿ ಜಿಲ್ಲೆ ಎರಡಾಯಿತಲ್ಲ, ಅದಕ್ಕೇ. ಮುಂದೆ ಎಲ್ಲರಿಗೂ ಕಲಬುರಗಿ ವಿಭಾಗ. ಆಮೇಲೆ ರಾಜ್ಯ.

ದೂರದ ಪಂದ್ಯ ಅಂದರೆ ರಾತ್ರಿ ಹೊರಗೆ ಉಳಿಯಬೇಕು. ಎಷ್ಟೋ ಹುಡುಗಿಯರ ಆಟ ಇಲ್ಲೇ ನಿಂತುಬಿಡುತ್ತದೆ. "ಹೆಣ್ಣುಹುಡುಗಿ, ಯಾಕೆ ಬೇಕು?" ಅಂತಾರೆ. ಅವ್ವನಿಗೆ ಭಯ ಇರೋದು ಸಹಜ. ಜೊತೆಗೆ ಟೀಚರಮ್ಮ ಹೋಗುತ್ತಾರಾ, ಮಲಗೋದು ಎಲ್ಲಿ, ಶಾಲೆಗೆ ಹೋಗಿ ಕೇಳಿ. ಕೇಳಿದರೆ ತಪ್ಪಿಲ್ಲ. ಕೇಳದೇ ಬೇಡ ಅನ್ನೋದು ನಮಗೆ ಸರಿ ಕಾಣೋದಿಲ್ಲ.

ಇನ್ನೊಂದು ಮಾತು, ವಯಸ್ಸು. ಶಾಲೆಯ ಆಟದಲ್ಲಿ 14ರ ಒಳಗಿನವರು, 17ರ ಒಳಗಿನವರು ಅಂತ ಬೇರೆ ಬೇರೆ ಗುಂಪು ಮಾಡುತ್ತಾರೆ. ವಿಶ್ವ ಪಂದ್ಯದಲ್ಲೂ ವಯಸ್ಸಿನ ಮಿತಿ ಇದೆ. "ಮಳೆಗಾಲದಲ್ಲಿ ಹುಟ್ಟಿದಳು" ಅಂದರೆ ನಡೆಯೋದಿಲ್ಲ. ಜನನ ಪ್ರಮಾಣ ಪತ್ರ ತೋರಿಸಬೇಕು. ಮಗು ಹುಟ್ಟಿದ 21 ದಿನದೊಳಗೆ ಬರೆಸಬೇಕು. ತಡವಾದರೂ ಶುಲ್ಕ ಕಟ್ಟಿ, ಅರ್ಜಿ ಕೊಟ್ಟು ಬರೆಸಬಹುದು. ಶಾಲೆಯ ದಾಖಲೆಯಲ್ಲೂ ಅದೇ ತಾರೀಕು, ಅದೇ ಹೆಸರು ಇದೆಯಾ, ನೀವೇ ಓದಿ ನೋಡಿ.

ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬೇಕು. 18 ತುಂಬದ ಮಕ್ಕಳ ಪಾಸ್‌ಪೋರ್ಟ್ ಅರ್ಜಿಗೆ ತಂದೆತಾಯಿಯ ಒಪ್ಪಿಗೆ ಬೇಕೇ ಬೇಕು. ಅಪ್ಪನ ಸಹಿಯ ಪಕ್ಕದಲ್ಲಿ ಅವ್ವನ ಸಹಿಗೂ ಜಾಗ ಇರುತ್ತದೆ.