ಅಕ್ಷರ, ಸಂಕೇತ, ಸ್ಟ್ರಿಂಗ್: ಕನ್ನಡ ಪಠ್ಯದ ಗಣಕ ನಿರ್ವಹಣೆ

ಬೇಲೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಬಿಕ್ಕೋಡಿನ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆಯೆಂದು ಕೇಳಿದರೆ ಶಾಲೆಯ ಮಗುವೂ ಮೂರು ಎನ್ನುತ್ತದೆ: ಬಿ, ಕ್ಕೋ, ಡು. ಅದೇ ಪ್ರಶ್ನೆಯನ್ನು ಗಣಕಕ್ಕೆ ಹಾಕಿದರೆ 8, 24 ಅಥವಾ 4 ಎಂಬ ಉತ್ತರ ಬರುತ್ತದೆ; ಮೂರು ಎಂಬ ಉತ್ತರ ಮಾತ್ರ ಸುಲಭವಾಗಿ ದೊರೆಯದು. ಇದು ಕೇವಲ ತಂತ್ರಜ್ಞರ ಕುತೂಹಲದ ವಿಷಯವಲ್ಲ. ಶಾಸನ, ಕಾವ್ಯ, ಗ್ರಂಥಸೂಚಿಗಳನ್ನು ಗಣಕದಲ್ಲಿ ಹುಡುಕಿ, ಎಣಿಸಿ, ಒಂದು ರೂಪ ಎಲ್ಲಿಯೂ ಪ್ರಯೋಗವಾಗಿಲ್ಲವೆಂದು ನಿರ್ಣಯಿಸುವ ಸಂಶೋಧನೆಯ ಪ್ರಾಮಾಣ್ಯವೇ ಇದನ್ನು ಅವಲಂಬಿಸಿದೆ.

ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಪಠ್ಯವನ್ನು ಹಿಡಿದಿಡುವ ಸರಣಿಗೆ ಸ್ಟ್ರಿಂಗ್ ಎಂದು ಹೆಸರು. ಆ ಪಠ್ಯವನ್ನೂ ಅದರ ಮೇಲೆ ನಡೆಸುವ ಕ್ರಿಯೆಗಳನ್ನೂ (ಉದ್ದವನ್ನು ಅಳೆಯುವುದು, ಭಾಗವನ್ನು ಕತ್ತರಿಸುವುದು, ಹುಡುಕುವುದು, ಬದಲಿಸುವುದು, ಹೋಲಿಸುವುದು) ಒಂದೆಡೆ ಕಟ್ಟಿಕೊಡುವ ಮಾದರಿಯೇ ಸ್ಟ್ರಿಂಗ್ ಕ್ಲಾಸ್. ಜಾವಾ ಭಾಷೆಯಲ್ಲಿ ಒಮ್ಮೆ ರಚಿಸಿದ ಸ್ಟ್ರಿಂಗ್ ಬದಲಾಗುವುದಿಲ್ಲ. ತಿದ್ದಿದಾಗಲೆಲ್ಲ ಹೊಸದೊಂದು ಹುಟ್ಟುತ್ತದೆ, ಮೂಲ ಹಾಗೆಯೇ ಉಳಿಯುತ್ತದೆ. ಗ್ರಂಥಸಂಪಾದಕರಿಗೆ ಒಪ್ಪಿಗೆಯಾಗುವ ನಿಯಮವಿದು.

ತೊಡಕು ಇರುವುದು ಎಣಿಕೆಯ ಮಾನದಲ್ಲಿ. ಯೂನಿಕೋಡ್ ವ್ಯವಸ್ಥೆಯಲ್ಲಿ ಬಿಕ್ಕೋಡು ಎಂಬುದು ಬ, ಇಕಾರದ ಚಿಹ್ನೆ, ಕ, ವಿರಾಮ, ಕ, ಓಕಾರದ ಚಿಹ್ನೆ, ಡ, ಉಕಾರದ ಚಿಹ್ನೆ ಎಂಬ ಎಂಟು ಸಂಕೇತಗಳ ಸಾಲು. ಕೇಶಿರಾಜನ ವ್ಯಾಕರಣ ಸ್ವರರಹಿತ ವ್ಯಂಜನಕ್ಕೆ ಸ್ವರವನ್ನು ಸೇರಿಸಿ ಗುಣಿತಾಕ್ಷರವನ್ನು ಸಾಧಿಸಿದರೆ, ಯೂನಿಕೋಡ್ ಅಕಾರಸಹಿತ ವ್ಯಂಜನದಿಂದ ಹೊರಟು ಚಿಹ್ನೆಯಿಂದ ಅಕಾರವನ್ನು ಕಳೆಯುತ್ತದೆ. ಜಾವಾ ಮತ್ತು ಪೈಥಾನ್ ಈ ಹೆಸರಿಗೆ 8 ಎಂಬ ಉದ್ದವನ್ನು ಹೇಳುತ್ತವೆ. ಸಿ++ ಭಾಷೆಯ ಸಾಮಾನ್ಯ ಸ್ಟ್ರಿಂಗ್ ಬೈಟ್‌ಗಳನ್ನು ಎಣಿಸುತ್ತದೆ. ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್ ಬೇಕಾದ್ದರಿಂದ 24 ಆಗುತ್ತದೆ. ಓದುಗನ ಕಣ್ಣಿಗೆ ಒಂದಾಗಿ ತೋರುವ ಗುಚ್ಛಗಳನ್ನು ಗುರುತಿಸುವ ಯೂನಿಕೋಡ್‌ನ ಸಾಮಾನ್ಯ ನಿಯಮವೂ ವಿರಾಮದ ಬಳಿಕ ಒಡೆದು ಬಿ, ಕ್, ಕೋ, ಡು ಎಂದು ನಾಲ್ಕನ್ನು ಕೊಡುತ್ತದೆ. 2023ರ 15.1ನೇ ಆವೃತ್ತಿ ಒತ್ತಕ್ಷರಗಳನ್ನು ಒಡೆಯದಂತೆ ಹೊಸ ನಿಯಮವನ್ನು ಸೇರಿಸಿದಾಗ ತೆಲುಗು, ಮಲಯಾಳಂ, ದೇವನಾಗರಿ ಮೊದಲಾದ ಲಿಪಿಗಳು ಅದರ ವ್ಯಾಪ್ತಿಗೆ ಬಂದವು, ಕನ್ನಡ ಬರಲಿಲ್ಲ.

ಕತ್ತರಿಸುವ ಕ್ರಿಯೆಯಲ್ಲಿ ಇದರ ಫಲ ನೇರವಾಗಿ ಕಾಣುತ್ತದೆ. ಮೊದಲ ನಾಲ್ಕು ಸಂಕೇತಗಳನ್ನು ಮಾತ್ರ ಇರಿಸಿಕೊಂಡರೆ ‘ಬಿಕ್’ ಉಳಿಯುತ್ತದೆ. ಹತ್ತು ಬೈಟ್‌ಗಳ ಅಂಕಣಕ್ಕೆ ತುರುಕಿದರೆ ನಾಲ್ಕನೆಯ ಸಂಕೇತವೇ ಮುರಿದು ಓದಲಾಗದ ಗುರುತು ಬರುತ್ತದೆ. ಸಂಕೇತಗಳನ್ನು ಹಿಂದುಮುಂದಾಗಿಸಿದರೆ ಸ್ವರಚಿಹ್ನೆಗಳು ಪಕ್ಕದ ವ್ಯಂಜನಕ್ಕೆ ಅಂಟಿ ಡೋ, ಕ್ಕಿ, ಬ ಎಂದಾಗುತ್ತದೆ. ಉಕಾರ ಆಸರೆಯಿಲ್ಲದೆ ಮೊದಲಲ್ಲಿ ನಿಲ್ಲುತ್ತದೆ. ಪದಾಂತ್ಯದ ಕ್ರಮದಲ್ಲಿ ಸೂಚಿಗಳನ್ನು ತಯಾರಿಸುವವರು ಈ ಕ್ರಿಯೆಯನ್ನು ಹಾಗೆಯೇ ನಂಬುವಂತಿಲ್ಲ.

ಹೋಲಿಕೆಯ ತೊಡಕು ಇನ್ನೂ ಸೂಕ್ಷ್ಮ. ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರ, ಊಕಾರಗಳ ಚಿಹ್ನೆ ಹಾಗೂ ದೀರ್ಘದ ಗುರುತು ಎಂಬ ಮೂರಾಗಿಯೂ ಬರೆಯಬಹುದು. ಮುದ್ರಣದಲ್ಲಿ ಎರಡೂ ಒಂದೇ. ಗಣಕದೊಳಗೆ ಒಂದು ಎಂಟು ಸಂಕೇತಗಳ ಸಾಲು, ಇನ್ನೊಂದು ಹತ್ತರದು. ಸ್ಟ್ರಿಂಗ್ ಕ್ಲಾಸಿನ ಸಮಾನತೆಯ ಪರೀಕ್ಷೆ ಜಾವಾ, ಪೈಥಾನ್‌ಗಳಲ್ಲಿ ಇವನ್ನು ಬೇರೆ ಬೇರೆ ಪದಗಳೆನ್ನುತ್ತದೆ. ಈ, ಏ, ಐ, ಒ ಚಿಹ್ನೆಗಳಿಗೂ ಇದೇ ದ್ವಂದ್ವವಿದೆ. ಬೇಲೂರು, ಹಳೇಬೀಡು ಎಂಬ ಹೆಸರುಗಳೂ ಹೊರತಲ್ಲ. ಅಕ್ಷರದ ತುಣುಕುಗಳಿಗೆ ಸಂಕೇತ ಕೊಡುತ್ತಿದ್ದ ಹಳೆಯ ಅಕ್ಷರಶೈಲಿಗಳಿಂದ ಪರಿವರ್ತಿಸಿದ ಕಡತಗಳಲ್ಲಿ ಬಿಡಿರೂಪಗಳು ಉಳಿದಿರಬಹುದು. ಹುಡುಕುವ ಮೊದಲು ಎರಡೂ ಪಠ್ಯಗಳನ್ನು ಏಕರೂಪಗೊಳಿಸುವುದೇ ಪರಿಹಾರ. ಜಾವಾದಲ್ಲಿ ಅದಕ್ಕೆ ನಾರ್ಮಲೈಜರ್ ಎಂಬ ಪ್ರತ್ಯೇಕ ಕ್ಲಾಸ್ ಇದೆ. ಆದರೆ ‘ರಾಜ್‌ಕುಮಾರ್’ ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯುವ ಅಗೋಚರ ಸಂಕೇತವನ್ನು ಅದು ತೆಗೆಯುವುದಿಲ್ಲ.

ಛಂದಸ್ಸಿನ ಅಧ್ಯಯನಕ್ಕೆ ಉದ್ದದ ಎಣಿಕೆ ಇದ್ದಂತೆ ನಿರುಪಯುಕ್ತ. ಉತ್ಪಲಮಾಲೆಯ ಪಾದಕ್ಕೆ 20, ಚಂಪಕಮಾಲೆಗೆ 21 ಅಕ್ಷರಗಳೆಂಬ ನಿಯಮವನ್ನು ಸಂಕೇತಸಂಖ್ಯೆಯಿಂದ ಪರೀಕ್ಷಿಸಲಾಗದು. ಆದರೂ ಉಚ್ಚಾರಣೆಯ ಕ್ರಮದಲ್ಲಿ ಸಾಗುವ ಸಂಕೇತಗಳ ಸಾಲು ಇಲ್ಲಿ ನೆರವಿಗೂ ಬರುತ್ತದೆ. ವ್ಯಂಜನ, ವಿರಾಮ, ವ್ಯಂಜನ ಎಂಬ ಸರಣಿ ಕಂಡೊಡನೆ ಹಿಂದಿನ ಬಿಕಾರವನ್ನು ಗುರುವೆಂದು ಗುರುತಿಸಬಹುದು. ಗುರು, ಗುರು, ಲಘು ಎಂದು ಬಿಕ್ಕೋಡಿಗೆ ಐದು ಮಾತ್ರೆಗಳು ಸಲ್ಲುತ್ತವೆ. ಅಕ್ಷರವಿಭಜನೆಯ ಈ ನಿಯಮವನ್ನು ಸ್ಟ್ರಿಂಗ್ ಕ್ಲಾಸಿನ ಮೇಲೆ ಪ್ರತ್ಯೇಕವಾಗಿ ಕಟ್ಟಬೇಕು, ಅಷ್ಟೆ.

ಹಳಗನ್ನಡದ ೞಕಾರ ಬಂದಾಗ ಅಕಾರಾದಿ ಕ್ರಮವೂ ಕೆಡುತ್ತದೆ. ಯೂನಿಕೋಡ್ ಈ ಅಕ್ಷರಕ್ಕೆ ಇತರ ವ್ಯಂಜನಗಳ ಸಾಲಿನಲ್ಲಲ್ಲದೆ ಸ್ವರಚಿಹ್ನೆ, ವಿರಾಮಗಳ ನಂತರ ಸ್ಥಾನವಿತ್ತಿದೆ. ಹೆಸರನ್ನಂತೂ ತಪ್ಪಾಗಿ ‘ಫ’ ಎಂದು ದಾಖಲಿಸಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮದಿಂದಾಗಿ ತಿದ್ದುಪಡಿ ಪರ್ಯಾಯನಾಮವಾಗಿ ಮಾತ್ರ ಉಳಿದಿದೆ. ಸಂಕೇತಸಂಖ್ಯೆಯನ್ನೇ ನೋಡುವ ಸ್ಟ್ರಿಂಗ್ ಹೋಲಿಕೆಯಲ್ಲಿ ೞಕಾರಾದಿಯಾದ ಪದ ಹಕಾರವನ್ನೂ ದಾಟಿ ಕೊನೆಗೆ ಬೀಳುತ್ತದೆ.

ಇದೇ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಹೆಸರು ಅಲ್ಲಿಯ ಪ್ರಸಿದ್ಧ ಶಾಸನದಲ್ಲಿ ಪಕಾರದಿಂದ ಆರಂಭವಾಗುತ್ತದೆ. ಹಲ್ಮಿಡಿ ಎಂದು ಹುಡುಕಿದ ಸಂಶೋಧಕನಿಗೆ ಆ ಶಾಸನದ ಪಾಠದಲ್ಲಿ ಸೊನ್ನೆ ಫಲಿತಾಂಶವೇ ಬರುತ್ತದೆ. ಪಕಾರ ಹಕಾರವಾದ ಭಾಷಾಚರಿತ್ರೆಯನ್ನು ಯಾವ ಏಕರೂಪೀಕರಣವೂ ಅರಿಯದು. ಅರಸೀಕೆರೆ, ಅರಸಿಕೆರೆ ಎಂಬ ಇಂದಿನ ಎರಡು ಬರಹಗಳನ್ನೂ ಅದು ಕೂಡಿಸಲಾರದು. ಅಂಥ ರೂಪಾಂತರಗಳ ಪಟ್ಟಿಯನ್ನು ಸಂಪಾದಕರೇ ಸಿದ್ಧಪಡಿಸಿ ಪಠ್ಯಕೋಶದೊಡನೆ ಇರಿಸಬೇಕಾಗುತ್ತದೆ.