ಅಮ್ಮನ ಶ್ರುತಿಗೆ ನನ್ನ ಗಿಟಾರ್

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಅಮ್ಮ ಚಿಕ್ಕಂದಿನಲ್ಲಿ ಕಲಿತಿದ್ದ ಒಂದು ನೊಟ್ಟುಸ್ವರ ಹಾಡ್ತಾ ಇದ್ದಳು. "ಐದು ವರ್ಷದಿಂದ ಟಿಂಗ್ ಟಿಂಗ್ ಅಂತೀಯಲ್ಲ, ನನ್ನ ಜೊತೆ ನುಡಿಸೋ ನೋಡೋಣ" ಅಂದಳು. ನಾನು ಮೊಬೈಲ್ ತೆಗೆದು ಟ್ಯಾಬ್ ಹುಡುಕಿದೆ. ಸಿಗಲಿಲ್ಲ. ಗೊತ್ತಿದ್ದ ಕಾರ್ಡ್ ಹಿಡಿದರೆ ಅಪಸ್ವರ. ಅಷ್ಟರಲ್ಲಿ ಹಾಡೇ ಮುಗಿದಿತ್ತು. ಅಮ್ಮ ನಕ್ಕು ಅಡುಗೆಮನೆಗೆ ಹೋದಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ನಾನು ಯೂಟ್ಯೂಬ್ ನೋಡಿ ಗಿಟಾರ್ ಕಲಿತವನು. ಮೂವತ್ತು ಹಾಡು ಬರುತ್ತಿತ್ತು, ಆದರೆ ಬೆರಳು ಎಲ್ಲಿಡಬೇಕು ಅನ್ನೋದಷ್ಟೇ ಗೊತ್ತು, ಯಾಕೆ ಅನ್ನೋದು ಗೊತ್ತಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಎಲ್ಲವನ್ನೂ ಹಾರ್ಡ್‌ಕೋಡ್ ಮಾಡಿಕೊಂಡಿದ್ದೆ.

ಬೆಂಗಳೂರಿಗೆ ವಾಪಸ್ ಬಂದು, ಥಿಯರಿ ಅಂದ್ರೆ ಬೋರು ಅಂತ ಮುಂದೂಡುತ್ತಿದ್ದ ಮೇಜರ್ ಸ್ಕೇಲ್ ಹಿಡಿದು ಕೂತೆ. ವಿಷಯ ಇಷ್ಟೇ: ಗಿಟಾರಿನಲ್ಲಿ ಒಂದು ಫ್ರೆಟ್ ಅಂದ್ರೆ ಅರ್ಧ ಸ್ವರ. 12 ಫ್ರೆಟ್ ದಾಟಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಸಿಗುತ್ತದೆ. ಆ ಹನ್ನೆರಡರಲ್ಲಿ ಏಳನ್ನು ಆರಿಸುವ ಲೆಕ್ಕ 2-2-1-2-2-2-1.

ನೀವೂ ನೋಡಿ. ಕೆಳಗಿನಿಂದ ಎರಡನೇ ತಂತಿಯಲ್ಲಿ 1, 3, 5, 6, 8, 10, 12, 13ನೇ ಫ್ರೆಟ್‌ಗಳನ್ನು ಒಂದೊಂದಾಗಿ ಮೀಟಿ. ಅದೇ ಸಿ ಮೇಜರ್. ಶುರುವಾಗುವ ಫ್ರೆಟ್ ಬದಲಾಯಿಸಿ, ಲೆಕ್ಕ ಹಾಗೇ ಇಡಿ. ಬೇರೆ ಸ್ಕೇಲ್ ಸಿಗುತ್ತದೆ.

ಕಾರ್ಡ್ ಕೂಡ ಇದರಿಂದಲೇ ಹುಟ್ಟುತ್ತದೆ. ಸ್ಕೇಲಿನಲ್ಲಿ ಒಂದು ಸ್ವರ ಹಿಡಿದು, ಒಂದು ಬಿಟ್ಟು ಒಂದರಂತೆ ಮೂರು ಸೇರಿಸಿದರೆ ಕಾರ್ಡ್. 1, 4, 5ನೆಯವು ಮೇಜರ್, 2, 3, 6ನೆಯವು ಮೈನರ್, 7ನೆಯದು ಡಿಮಿನಿಶ್ಡ್. ಜಿ ಸ್ಕೇಲಿನಲ್ಲಿ ಜಿ, ಸಿ, ಡಿ, ಇ ಮೈನರ್ ಯಾಕೆ ಸದಾ ಒಟ್ಟಿಗೇ ಓಡಾಡುತ್ತವೆ ಅಂತ ಐದು ವರ್ಷದ ಮೇಲೆ ಗೊತ್ತಾಯ್ತು!

ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ಈ ಸ್ಕೇಲ್ ನುಡಿಸಿ ತೋರಿಸಿದೆ.

"ಇದು ಶಂಕರಾಭರಣ ಅಲ್ವೇನೋ?" ಅಂದಳು.

ನಿಜ. 29ನೇ ಮೇಳಕರ್ತ ಧೀರಶಂಕರಾಭರಣದ ಸ್ವರಗಳು ಇವೇ; ಹಿಂದೂಸ್ತಾನಿಯಲ್ಲಿ ಬಿಲಾವಲ್ ಥಾಟ್. ಅಮ್ಮ ಹಾಡಿದ್ದೂ ಇದರಲ್ಲೇ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಸಾಹಿತ್ಯ ಹೊಂದಿಸಿ ಮಾಡಿದ ಕೃತಿಗಳೇ ನೊಟ್ಟುಸ್ವರಗಳು. ಗಮಕವಿಲ್ಲದ ನೇರ ಸ್ವರಗಳಾದ್ದರಿಂದ ಗಿಟಾರಿಗೆ ಸಲೀಸು. "ಸ್ವರ ಒಂದೇ ಅಂತ ರಾಗ ಬಂದುಬಿಡಲ್ಲ ಕಣೋ" ಅಂತ ಅಮ್ಮ ಅದೇ ಸ್ವರಗಳನ್ನು ಗಮಕ ಹಾಕಿ ಹಾಡಿದಳು. ನನ್ನ ಫ್ರೆಟ್‌ಗಳ ನಡುವೆ ಎಷ್ಟೊಂದು ಜಾಗ ಇದೆ ಅಂತ ಆಗ ತಿಳೀತು.

ಅಮ್ಮನದು ಐದೂವರೆ ಶ್ರುತಿ, ಅಂದ್ರೆ ಜಿ ಶಾರ್ಪ್. ನಾನು ಅಂದು ಹಿಡಿದದ್ದು ಜಿ. ಅರ್ಧ ಸ್ವರದ ತಪ್ಪು! ಮೊದಲನೇ ಫ್ರೆಟ್‌ಗೆ ಕೇಪೋ ಹಾಕಿದರೆ ಅದೇ ಜಿ, ಸಿ, ಡಿ ಹಿಡಿತಗಳು ಅವಳ ಶ್ರುತಿಗೆ ಕೂರುತ್ತವೆ.

ಯುಗಾದಿಗೆ ಊರಿಗೆ ಹೋದಾಗ ಅಮ್ಮನೊಂದಿಗೆ ಕೂತು ನುಡಿಸಿದೆ. ಎರಡು ಕಡೆ ತಪ್ಪಿದೆ. ಆದರೆ ಮೊಬೈಲ್ ಒಳಗಿನ ರೂಮಿನಲ್ಲಿ ಚಾರ್ಜ್ ಆಗ್ತಾ ಇತ್ತು. ಮುಗಿದ ಮೇಲೆ ಅಮ್ಮ ಅಡುಗೆಮನೆಗೆ ಹೋಗಲಿಲ್ಲ. "ಇನ್ನೊಂದು ಹಾಡ್ಲಾ?" ಅಂದಳು.